ಅಂಚಿನ ಗುರುತು ನಡುವಿಗೆ ಬಂದದ್ದು

ಲೇಬಲ್ಲಣ್ಣ ತನ್ನ ಜೀವಮಾನದಲ್ಲಿ ಬರವಣಿಗೆಯಲ್ಲಿ ಆಡಿದ ಸುಳ್ಳು ಒಂದೇ ಒಂದು. ಪುಣ್ಯಾತ್ಮ ಅದನ್ನೂ ಪೆನ್ಸಿಲ್ಲಿನಲ್ಲಿ ಬರೆದಿದ್ದ. ಮೇಲೆ ಶಾಯಿ ತಿದ್ದಿದವಳು ಶಾಲೆಯ ಗುಮಾಸ್ತೆ.

ಮಗಳ ಶಾಲೆಯ ಅರ್ಜಿಯಲ್ಲಿ ‘ತಂದೆಯ ಉದ್ಯೋಗ’ ಎಂಬ ಖಾನೆ ಇತ್ತು. ಅವನ ಉದ್ಯೋಗ ಮುದ್ರಣಾಲಯದಲ್ಲಿ ಔಷಧಿ ಸೀಸೆಗಳ ಲೇಬಲ್ ಜೋಡಿಸುವುದು. ‘ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ’ ಎಂಬ ಒಂದೇ ವಾಕ್ಯವನ್ನು ಹದಿನೇಳು ವರ್ಷಗಳಿಂದ ಬಗೆಬಗೆಯ ಗಾತ್ರದಲ್ಲಿ ಕೂರಿಸುತ್ತ ಬಂದಿದ್ದ. ಹಾಗೆಂದೇ ಬರೆಯಬಹುದಿತ್ತು. ಆದರೆ ಸಾಲಿನಲ್ಲಿ ಅವನ ಮುಂದಿದ್ದ ಮಹಾಶಯ ಅದೇ ಖಾನೆಯಲ್ಲಿ ‘ಹೃದಯ ತಜ್ಞ’ ಎಂದು ಬರೆದದ್ದು ಕಣ್ಣಿಗೆ ಬಿತ್ತು. ತಜ್ಞರಿಲ್ಲದ ಮನೆ ತನ್ನದೊಂದೇ ಆಗಬಾರದೆಂದು ಲೇಬಲ್ಲಣ್ಣ ಪೆನ್ಸಿಲ್ಲನ್ನು ನಾಲಿಗೆಗೆ ತಾಗಿಸಿ ‘ವಿನ್ಯಾಸ ತಜ್ಞ’ ಎಂದು ಬರೆದ. ಬರೆದ ಕೂಡಲೇ ಹೆದರಿ ಅಳಿಸಲು ರಬ್ಬರ್ ಹುಡುಕಿದ. ಅಷ್ಟರಲ್ಲಿ ಗುಮಾಸ್ತೆ ಅರ್ಜಿಯನ್ನು ಕಿತ್ತುಕೊಂಡು, “ಪೆನ್ಸಿಲ್ ನಡೆಯಲ್ಲ ಅಂತ ಎಷ್ಟು ಸಲ ಹೇಳಬೇಕು?” ಎಂದು ಗದರಿ, ತಾನೇ ಪೆನ್ನಿನಿಂದ ತಿದ್ದಿಬಿಟ್ಟಳು.

ಎರಡು ವರ್ಷ ಏನೂ ಆಗಲಿಲ್ಲ. ಮೂರನೆಯ ವರ್ಷ ಸರ್ಕಾರ ‘ವರ್ಷದ ಸಾಂಸ್ಕೃತಿಕ ಪ್ರಾಂತ್ಯ’ ಎಂಬ ಪಟ್ಟವೊಂದನ್ನು ಘೋಷಿಸಿತು. ಆರು ಪ್ರಾಂತ್ಯಗಳು ಪೈಪೋಟಿಗೆ ಬಿದ್ದವು. ಅರ್ಜಿಯ ಮೊದಲ ಪುಟದಲ್ಲೇ ಲಾಂಛನ ಇರಬೇಕೆಂಬುದು ನಿಯಮ. ಸಂಸ್ಕೃತಿ ಅಧಿಕಾರಿಗಳು ಊರೆಲ್ಲ ಜಾಲಾಡಿದರು. ಊರಿನ ದಾಖಲೆಗಳಲ್ಲಿ ‘ವಿನ್ಯಾಸ ತಜ್ಞ’ ಎಂದು ಇದ್ದವನು ಒಬ್ಬನೇ.

ಸರ್ಕಾರಿ ಲಕೋಟೆ ಮನೆಗೆ ಬಂದಾಗ ಲೇಬಲ್ಲಣ್ಣ ಅದನ್ನು ಒಡೆಯದೆ ಅರ್ಧ ಗಂಟೆ ಮೇಜಿನ ಮೇಲಿಟ್ಟು ಸುತ್ತು ಹಾಕಿದ.

“ಹಾವಾ ಅದು? ಒಡೀರಿ,” ಎಂದಳು ಹೆಂಡತಿ.

“ಸುಳ್ಳು ಮಾಹಿತಿ ಕೊಟ್ಟಿದ್ದಕ್ಕೆ ಕರೆದಿದಾರೆ ಕಣೆ. ನನಗೆ ಗೊತ್ತು.”

“ನೀವು ಸುಳ್ಳು ಹೇಳೋಕೆ ಧೈರ್ಯ ಬೇಕಲ್ಲ!” ಎಂದು ಅವಳೇ ಒಡೆದಳು. ಓದಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಪ್ರಾಂತ್ಯದ ಲಾಂಛನ ನೀವು ಮಾಡಬೇಕಂತೆ. ತಜ್ಞರಂತೆ ನೀವು. ಯಾವಾಗಿಂದ?”

ಅರ್ಜಿ ಸಿದ್ಧಪಡಿಸುವ ಸಮಿತಿಯಲ್ಲಿ ಹನ್ನೊಂದು ಜನ. ಒಬ್ಬೊಬ್ಬರೂ ಫೋನ್ ಮಾಡಿ ಲಾಂಛನದಲ್ಲಿ ಏನಿರಬೇಕೆಂದು ಹೇಳಿದರು. ಒಬ್ಬರಿಗೆ ಸೇತುವೆ ಬೇಕು, ಒಬ್ಬರಿಗೆ ಮಗ್ಗ ಬೇಕು, ಒಬ್ಬರಿಗೆ ಗಡಿಯಾರದ ಗೋಪುರ. ಆಕಾಶವಾಣಿಯಲ್ಲಿ ನಿವೃತ್ತರಾದ ಒಬ್ಬರಿಗೆ ಮೈಕು ಬೇಕೇ ಬೇಕು. ಲೇಬಲ್ಲಣ್ಣನಿಗೆ ‘ಆಗಲ್ಲ’ ಎಂಬ ಮಾತು ಯಾವತ್ತೂ ಬಾಯಿಗೆ ಬಂದದ್ದಿಲ್ಲ. ಹನ್ನೊಂದನ್ನೂ ಅಂಗೈಯಗಲದಲ್ಲಿ ತುರುಕಿದ. ಕೊನೆಗೆ ಅದು ಮನೆ ಬದಲಾಯಿಸುವವರ ಲಾರಿಯ ಹಾಗೆ ಕಂಡಿತು. ಗೋಪುರದ ಮೇಲೆ ಹಕ್ಕಿ, ಹಕ್ಕಿಯ ಮೇಲೆ ಮೈಕು.

ಸಭೆಯ ಬೆಳಿಗ್ಗೆ ಅವನೇ ಯಂತ್ರಕ್ಕೆ ಹಾಳೆ ಕೊಟ್ಟು ನಾಲ್ಕು ಬಣ್ಣದಲ್ಲಿ ಅಚ್ಚು ತೆಗೆದ. ಇಲ್ಲಿ ಮುದ್ರಣದವರ ಒಂದು ಗುಟ್ಟು ಹೇಳಬೇಕು. ನಾಲ್ಕು ಬಣ್ಣಗಳು ಒಂದೇ ಸಲ ಬೀಳುವುದಿಲ್ಲ, ಒಂದರ ಮೇಲೊಂದು ಬೀಳುತ್ತವೆ. ಅವು ಸರಿಯಾಗಿ ಕೂತಿವೆಯೇ ಎಂದು ನೋಡಲು ಹಾಳೆಯ ನಾಲ್ಕು ಮೂಲೆಯಲ್ಲಿ ಚಿತ್ರದಿಂದಾಚೆ ಒಂದೊಂದು ಗುರುತು ಹಾಕುತ್ತಾರೆ. ಕಡಲೆ ಕಾಳಿನಷ್ಟು ವೃತ್ತ, ಅದರೊಳಗೆ ಅಡ್ಡ ಗೆರೆ, ಉದ್ದ ಗೆರೆ. ಅಚ್ಚಾದ ಮೇಲೆ ಅಂಚಿನ ಸಮೇತ ಅದನ್ನು ಕತ್ತರಿಸಿ ಬುಟ್ಟಿಗೆ ಹಾಕುತ್ತಾರೆ. ಆ ಮುದ್ರಣಾಲಯದಲ್ಲಿ ಮೂವತ್ತು ವರ್ಷದಿಂದ ಕತ್ತರಿಸುತ್ತಿದ್ದವರು ಕತ್ತರಿ ಮಾಮ. ಅವತ್ತು ಅವರಿಗೆ ಹಲ್ಲು ನೋವು, ರಜೆ. ಲೇಬಲ್ಲಣ್ಣ ಹಾಳೆಯನ್ನು ಅಂಚು ಕತ್ತರಿಸದೆ ಸುತ್ತಿಕೊಂಡು ಓಡಿದ.

ಸಭೆಯ ಕೋಣೆಯಲ್ಲಿ ಉದ್ದನೆಯ ಮೇಜು, ಹನ್ನೆರಡು ಕುರ್ಚಿ, ಗಾಳಿ ಬೀಸದೆ ಬರೀ ಕಿರುಗುಡುವ ಒಂದು ಫ್ಯಾನು. ಹಾಳೆ ಬಿಚ್ಚಿದರು. ಹನ್ನೊಂದು ಸದಸ್ಯರೂ ತಮ್ಮ ತಮ್ಮ ವಸ್ತುವನ್ನು ಹುಡುಕಿದರು. “ನನ್ನ ಮೈಕು ಎಲ್ರೀ?” ಎಂದು ಒಬ್ಬರು, “ಹಕ್ಕಿ ಗೋಪುರದ ಮೇಲೆ ಕೂತಿದೆಯಲ್ಲ, ಗಲೀಜು ಮಾಡಲ್ವಾ?” ಎಂದು ಇನ್ನೊಬ್ಬರು. ಗದ್ದಲ ಏರುತ್ತಿದ್ದಾಗ ಸಂಸ್ಕೃತಿ ಅಧಿಕಾರಿಗಳು ಕೈಯೆತ್ತಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು, ಹಾಳೆಯ ಮೇಲಿನ ಬಲಮೂಲೆಯ ಮೇಲೆ ಬೆರಳಿಟ್ಟರು.

“ಇದು!”

ಎಲ್ಲರೂ ಆ ಮೂಲೆಗೆ ಬಗ್ಗಿದರು.

“ಈ ಚಿತ್ರವೆಲ್ಲ ನಮ್ಮನ್ನ ಪರೀಕ್ಷೆ ಮಾಡೋಕೆ ಹಾಕಿದಾರೆ. ನಿಜವಾದ ಲಾಂಛನ ಮೂಲೆಯಲ್ಲಿಟ್ಟಿದಾರೆ. ತಜ್ಞರು ಅಂದ್ರೆ ತಜ್ಞರು! ನೋಡಿ, ವೃತ್ತ ಅಂದ್ರೆ ನಮ್ಮ ಪ್ರಾಂತ್ಯ. ಗೆರೆಗಳ ನಾಲ್ಕು ತುದಿ ನಾಲ್ಕು ದಿಕ್ಕು. ನಡುವೆ ಎಲ್ಲರೂ ಸೇರ್ತಾರೆ.”

ಲೇಬಲ್ಲಣ್ಣ ಬಾಯಿ ತೆರೆದ. “ಸರ್, ಅದು—”

“ಹೇಳಬೇಡಿ! ವಿವರಿಸಿದರೆ ಅದರ ಗಾಂಭೀರ್ಯ ಹೋಗತ್ತೆ.”

ಮೈಕಿನವರು ವೃತ್ತವನ್ನು ಮೈಕಿನ ತಲೆ ಎಂದು ಗುರುತಿಸಿ ಒಪ್ಪಿದರು. ಸೇತುವೆಯವರಿಗೆ ಅಡ್ಡ ಗೆರೆ ಸಾಕಾಯಿತು, ಗೋಪುರದವರಿಗೆ ಉದ್ದ ಗೆರೆ. ಹನ್ನೊಂದು ಜನ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಒಮ್ಮತಕ್ಕೆ ಬಂದರು. ಅಂಥ ಒಮ್ಮತವನ್ನು ಮುರಿಯುವ ಎದೆಗಾರಿಕೆ ಲೇಬಲ್ಲಣ್ಣನಿಗೆಲ್ಲಿಂದ ಬರಬೇಕು? ಅವನ ತಲೆ ತಾನಾಗಿಯೇ ಮೇಲೆ ಕೆಳಗೆ ಆಡಿತು.

ಮುದ್ರಣಾಲಯದಲ್ಲಿ ಸುದ್ದಿ ಕೇಳಿ ಯಜಮಾನರು ಕುರ್ಚಿಯಿಂದ ಅರ್ಧ ಎದ್ದವರು ಅರ್ಧದಲ್ಲೇ ನಿಂತರು.

“ಅಂಚಿನ ರಿಜಿಸ್ಟರ್ ಮಾರ್ಕು? ರಿಜಿಸ್ಟರ್ ಮಾರ್ಕನ್ನ ಸರ್ಕಾರಕ್ಕೆ ಲಾಂಛನ ಅಂತ ಕೊಟ್ಟು ಬಂದ್ಯಾ?”

“ನಾನು ಕೊಡ್ಲಿಲ್ಲ ಸಾರ್. ಅವರೇ ತಗೊಂಡ್ರು.”

“ಕೇಳು ಇಲ್ಲಿ. ನಾಳೆ ಯಾರಾದ್ರೂ ಇದನ್ನ ಕಂಡುಹಿಡಿದ್ರೆ ಸರ್ಕಾರಕ್ಕೆ ಮೋಸ ಮಾಡಿದ ಪ್ರೆಸ್ಸು ಅಂತ ನಮಗೆ ಬೀಗ ಹಾಕ್ತಾರೆ. ಬೀಗ ಹಾಕೋಕೆ ಮುಂಚೆ ನೀನು ಆಚೆ ಇರ್ತೀಯ. ಹದಿನೇಳು ವರ್ಷ ಇದ್ದೆ ಅಂತೆಲ್ಲ ನೋಡಲ್ಲ. ಗೊತ್ತಾಯ್ತಾ?”

ಗೊತ್ತಾಯಿತು. ಎಷ್ಟು ಚೆನ್ನಾಗಿ ಗೊತ್ತಾಯಿತೆಂದರೆ ಮಧ್ಯಾಹ್ನದ ಬುತ್ತಿಯ ಮುಚ್ಚಳ ತೆಗೆಯಲು ಮೂರು ಸಲ ಕೈ ಜಾರಿತು. ಬೇರೆ ಕೆಲಸ ಅವನಿಗೆ ಬರುತ್ತಿರಲಿಲ್ಲ. ಇಡೀ ಊರಿನಲ್ಲಿ ಲೇಬಲ್ ಅಚ್ಚು ಮಾಡುವ ಜಾಗ ಅದೊಂದೇ.

ಮನೆಯಲ್ಲಿ ಹೆಂಡತಿಗೆ ಎಲ್ಲ ಹೇಳಿದ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೆಲಸದ ವಿಷಯಕ್ಕೆ ಬಂದಾಗ ನಗು ನಿಂತಿತು. “ಆ ಗುರುತು ಎಷ್ಟು ಜನಕ್ಕೆ ಗೊತ್ತಿರತ್ತೆ ಬಿಡಿ. ಪ್ರೆಸ್ಸಿನವರಿಗೆ ಅಷ್ಟೇ ತಾನೆ?”

ಆ ಸಮಾಧಾನ ಮೂರು ದಿನ ಬಾಳಿತು. ನಾಲ್ಕನೆಯ ದಿನ ಮಗಳು ಬಚ್ಚಲಿನಿಂದ ಕೂಗಿದಳು. “ಅಪ್ಪಾ! ಸೋಪಿನ ಡಬ್ಬಿ ಒಳಗೆ ನಿನ್ನ ಲಾಂಛನ ಇದೆ!”

ಲೇಬಲ್ಲಣ್ಣ ದಡಕ್ಕನೆ ಎದ್ದ. ಓಡಿ ಹೋಗಿ ನೋಡಿದ. ಸೋಪಿನ ರಟ್ಟಿನ ಡಬ್ಬಿಯ ಒಳಮಡಿಕೆಯಲ್ಲಿ ಆ ಗುರುತು, ಕತ್ತರಿಸಲು ಮರೆತ ಅಂಚಿನಲ್ಲಿ, ನಗುತ್ತ ಕೂತಿತ್ತು. ಟೂತ್‌ಪೇಸ್ಟಿನ ಡಬ್ಬಿ ಬಿಚ್ಚಿದ, ಅಲ್ಲೂ ಇತ್ತು. ಬಿಸ್ಕತ್ತಿನ ಪೊಟ್ಟಣ, ಬೆಂಕಿಪೊಟ್ಟಣ, ಮಗಳ ಬಣ್ಣದ ಪೆನ್ಸಿಲ್ಲಿನ ಡಬ್ಬಿ, ಎಲ್ಲೆಲ್ಲೂ ಅದೇ. ಹದಿನೇಳು ವರ್ಷ ದಿನವೂ ನೋಡಿದ್ದರಿಂದಲೇ ಅವನಿಗೆ ಅದು ಕಂಡಿರಲಿಲ್ಲ. ಈಗ ಮನೆಯ ತುಂಬ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿತ್ತು.

ಕತ್ತರಿ ಹಿಡಿದು ಕೂತ. ಸಂಜೆಯ ಹೊತ್ತಿಗೆ ಮನೆಯ ಯಾವ ಡಬ್ಬಿಗೂ ಮುಚ್ಚಳವಿರಲಿಲ್ಲ. ಚಹಾಪುಡಿ ಸಕ್ಕರೆಯ ಜೊತೆ ಬೆರೆಯಿತು, ಸೋಪಿನ ಪುಡಿ ಎರಡರ ಜೊತೆಗೂ.

“ಮನೇಲಿರೋದನ್ನ ಕತ್ತರಿಸಿದ್ರಿ. ಅಂಗಡೀಲಿರೋದಕ್ಕೆ ಏನ್ ಮಾಡ್ತೀರಿ?” ಎಂದಳು ಹೆಂಡತಿ, ಚಹಾದ ನೊರೆ ನೋಡುತ್ತ.

ಅವಳು ಕೇಳಿದ್ದು ತಮಾಷೆಗೆ. ಮರುದಿನ ಬೆಳಿಗ್ಗೆ ಮೂಲೆಯ ಅಂಗಡಿಯವನು, ಬಿಸ್ಕತ್ತಿನ ಸಾಲಿನ ಹಿಂದೆ ಮಂಡಿಯೂರಿ ಪೊಟ್ಟಣಗಳ ಅಂಚು ಕೆರೆಯುತ್ತಿದ್ದ ಲೇಬಲ್ಲಣ್ಣನ ಕಾಲರ್ ಹಿಡಿದೆತ್ತಿದ.

“ಏನಣ್ಣ, ಇಲಿ ಅಂದ್ಕೊಂಡೆ. ಏನ್ ಮಾಡ್ತಾ ಇದೀರ?”

“ತಾರೀಖು... ತಾರೀಖು ನೋಡ್ತಿದ್ದೆ.”

ಅಂಗಡಿಯವನು ಪೊಟ್ಟಣ ಕಿತ್ತುಕೊಂಡು ತಿರುಗಿಸಿ ನೋಡಿದ. ಅವನ ಕಣ್ಣು ಗೋಡೆಯ ಮೇಲಿನ ಪತ್ರಿಕೆಗೆ ಹೋಯಿತು. ಅಲ್ಲಿ ಹೊಸ ಲಾಂಛನ ಅಂಗೈಯಗಲ ಅಚ್ಚಾಗಿತ್ತು. ಪೊಟ್ಟಣ, ಪತ್ರಿಕೆ, ಪತ್ರಿಕೆ, ಪೊಟ್ಟಣ. ಲೇಬಲ್ಲಣ್ಣ ಬಾಗಿಲ ಕಡೆ ಒಂದು ಹೆಜ್ಜೆ ಸರಿದ.

“ಅಬ್ಬಬ್ಬ!” ಎಂದ ಅಂಗಡಿಯವನು. “ಆಗಲೇ ಬಿಸ್ಕತ್ತಿನ ಮೇಲೂ ಹಾಕ್ಸಿದಾರಲ್ಲ! ನಮ್ಮ ಸರ್ಕಾರ ಇಷ್ಟು ಚುರುಕು ಅಂತ ಗೊತ್ತೇ ಇರ್ಲಿಲ್ಲ. ಏ, ಎಲ್ಲ ಬನ್ರೋ ಇಲ್ಲಿ!”

ಮಧ್ಯಾಹ್ನದೊಳಗೆ ಬೀದಿಯವರೆಲ್ಲ ತಮ್ಮ ಮನೆಯ ಡಬ್ಬಿಗಳನ್ನು ಹರಿದು ಲಾಂಛನ ಹುಡುಕಿ ಹೆಮ್ಮೆಪಟ್ಟರು. ಪಕ್ಕದ ಮನೆಯ ಅಜ್ಜಿ ಕೆಮ್ಮಿನ ಔಷಧಿಯ ಡಬ್ಬಿ ತಂದು ಲೇಬಲ್ಲಣ್ಣನ ಕೆನ್ನೆ ಸವರಿ, “ನಿನ್ನ ಹೆಸರು ನನ್ನ ಕೆಮ್ಮಿನವರೆಗೂ ಬಂತಲ್ಲಪ್ಪ,” ಎಂದರು. ಅಭಿನಂದನೆ ಬಂದಷ್ಟೂ ಅವನು ಬಿಳಿಚಿಕೊಂಡ. ದೇಹದಲ್ಲಿ ರಕ್ತ ಸಾಲುತ್ತಿಲ್ಲವೆಂದು ಅಜ್ಜಿ ಟಾನಿಕ್ಕನ್ನೂ ಕೊಟ್ಟರು. ಆ ಡಬ್ಬಿಯಲ್ಲೂ ಗುರುತಿತ್ತು.

ಆದರೆ ಅಧಿಕಾರಿಗಳಿಗೆ ಹೆಮ್ಮೆಯಾಗಲಿಲ್ಲ. ಸಿಟ್ಟು ಬಂತು. ಲೇಬಲ್ಲಣ್ಣನನ್ನು ಕಚೇರಿಗೆ ಕರೆಸಿ ಮೇಜಿನ ಮೇಲೆ ಒಂದು ಸೋಪಿನ ಡಬ್ಬಿ ಕುಕ್ಕಿದರು.

“ಕಳ್ಳತನ! ಹಾಡುಹಗಲೇ ಕಳ್ಳತನ! ನಮ್ಮ ಲಾಂಛನ ಸೋಪಿನವರು ಕದ್ದಿದಾರೆ. ಡಬ್ಬಿಯ ತಾರೀಖು ನೋಡಿ.”

ಲೇಬಲ್ಲಣ್ಣ ನೋಡಿದ. ಎರಡು ವರ್ಷ ಹಿಂದಿನದು. ಮುಗಿಯಿತು ಕತೆ ಎಂದು ಕಣ್ಣು ಮುಚ್ಚಿದ.

“ನಾವು ಮಾಡೋಕೆ ಎರಡು ವರ್ಷ ಮುಂಚೆಯೇ ಕದ್ದಿದಾರೆ! ಎಂಥ ಖದೀಮರಿರಬೇಕು! ಸುಮ್ನೆ ಬಿಡಲ್ಲ, ನೋಟೀಸು ಕಳಿಸಿದೀನಿ.”

ಸೋಪಿನ ಕಂಪನಿಯ ವಕೀಲರು ಸರ್ಕಾರಿ ಮೊಹರು ಕಂಡರೆ ಕ್ಷಮೆ ಕೇಳಿಬಿಡುವ ಜಾತಿಯವರು. ‘ಸದರಿ ಗುರುತನ್ನು ಇನ್ನು ಮುಂದೆ ನಮ್ಮ ಡಬ್ಬಿಗಳಲ್ಲಿ ಬಳಸುವುದಿಲ್ಲ’ ಎಂದು ಬರೆದುಕೊಟ್ಟರು. ಮಾತಿಗೆ ತಪ್ಪಲಿಲ್ಲ. ಮುಂದಿನ ತಿಂಗಳು ಅಂಗಡಿಗೆ ಬಂದ ಹೊಸ ಡಬ್ಬಿಗಳಲ್ಲಿ, ಗುರುತಿಲ್ಲದೆ ಬಣ್ಣಗಳು ಸರಿದು, ಗುಲಾಬಿ ಹೂವು ಎಲೆಯನ್ನು ಬಿಟ್ಟು ಬೆರಳಗಲ ದೂರ ಹೋಗಿತ್ತು. ಡಬ್ಬಿಯ ಮೇಲಿನ ಸುಂದರಿಯ ತುಟಿ ಅವಳ ಕೆನ್ನೆಯ ಮೇಲೆ ನಗುತ್ತಿತ್ತು. ಹೆಂಡತಿ ಆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ, “ಪಾಪ ಅವಳೇನು ಮಾಡಿದ್ಲು?” ಎಂದಳು. ಲೇಬಲ್ಲಣ್ಣ ಡಬ್ಬಿಯನ್ನು ಗೋಡೆಗೆ ಮುಖ ಮಾಡಿ ಇಟ್ಟ.

ಪಟ್ಟ ಯಾರಿಗೆಂದು ನಿರ್ಧರಿಸುವ ತೀರ್ಪುಗಾರರು ಬರುವ ದಿನ ಗೊತ್ತಾಯಿತು. ಮೂರು ಸಾವಿರ ಭಿತ್ತಿಪತ್ರ ಅಚ್ಚು ಮಾಡುವ ಕೆಲಸ ಅದೇ ಮುದ್ರಣಾಲಯಕ್ಕೆ ಬಂತು. ಬಿಳಿಯ ದೊಡ್ಡ ಹಾಳೆ, ಕೆಳಗೆ ‘ನಮ್ಮ ಪ್ರಾಂತ್ಯ, ನಮ್ಮ ಸಂಸ್ಕೃತಿ’ ಎಂಬ ಸಾಲು, ಮೇಲೆ ಬಲಮೂಲೆಯಲ್ಲಿ ಲಾಂಛನ. ತಾವು ಅದನ್ನು ಕಂಡುಹಿಡಿದದ್ದು ಆ ಮೂಲೆಯಲ್ಲೇ ಆದ್ದರಿಂದ ಅಲ್ಲೇ ಇರಬೇಕೆಂದು ಅಧಿಕಾರಿಗಳ ಅಪ್ಪಣೆ. ಲೇಬಲ್ಲಣ್ಣ ಅಚ್ಚು ಮಾಡಿಸಿ ಕತ್ತರಿ ಮಾಮನ ಮೇಜಿಗೆ ಹಾಕಿ, ಅವರಿಗೆ ಏನೂ ತಿಳಿಸದೆ ಬೇಗ ಮನೆಗೆ ಹೋದ.

ಮರುದಿನ ಬೆಳಿಗ್ಗೆ ಊರಿನ ಗೋಡೆಗಳಿಗೆಲ್ಲ ಭಿತ್ತಿಪತ್ರ ಅಂಟಿಸಿ ಆಗಿತ್ತು. ಲೇಬಲ್ಲಣ್ಣ ಮೊದಲನೆಯದನ್ನು ನೋಡಿ ನಿಂತ. ಎರಡನೆಯದಕ್ಕೆ ಓಡಿದ. ಹತ್ತನೆಯದರ ಹೊತ್ತಿಗೆ ಗೋಡೆ ಹಿಡಿದುಕೊಂಡ. ಮೂರು ಸಾವಿರ ಹಾಳೆ, ಒಂದರಲ್ಲೂ ಲಾಂಛನವಿಲ್ಲ. ಬಲಮೂಲೆಯ ಅಂಚನ್ನು ನೇರಕ್ಕೆ ನೇರ, ಬೆಣ್ಣೆ ಕತ್ತರಿಸಿದ ಹಾಗೆ ಕತ್ತರಿಸಲಾಗಿತ್ತು.

“ಮಾಮ! ಏನ್ ಮಾಡಿಟ್ರಿ?” ಎನ್ನುತ್ತ ಮುದ್ರಣಾಲಯಕ್ಕೆ ನುಗ್ಗಿದ.

ಕತ್ತರಿ ಮಾಮ ತಲೆಯೆತ್ತಲಿಲ್ಲ. “ಏನ್ ಮಾಡ್ದೆ? ಅಂಚಲ್ಲಿ ಮಾರ್ಕು ಬಿಟ್ಟಿದ್ದೆ ನೀನು. ಕತ್ತರಿಸ್ದೆ.”

“ಅದೇ ಲಾಂಛನ ಮಾಮ!”

“ಮೂವತ್ತು ವರ್ಷದಿಂದ ಕತ್ತರಿಸ್ತಿದೀನಿ. ಯಾವತ್ತೂ ಯಾರೂ ಅದನ್ನ ವಾಪಸ್ ಕೇಳಿಲ್ಲ.”

ಅಷ್ಟರಲ್ಲಿ ಯಜಮಾನರು ಬೆವರೊರೆಸುತ್ತ ಬಂದರು. “ಪುರಭವನಕ್ಕೆ ನಡಿ. ತೀರ್ಪುಗಾರರು ಬಂದಾಯ್ತು. ವಿನ್ಯಾಸಕಾರರು ಬೇಕೇ ಬೇಕಂತೆ. ಬಾಯಿ ಮಾತ್ರ ಬಿಡಬೇಡ. ಬಿಟ್ಯೋ, ಅಲ್ಲಿಂದಾನೇ ಮನೆಗೆ ಹೋಗು. ನಿನ್ನ ಬುತ್ತಿ ನಾನು ಕಳಿಸ್ತೀನಿ.”

ಪುರಭವನದ ವೇದಿಕೆಯ ಮೇಲೆ, ಮೊದಲ ದಿನದ ಆ ಹಾಳೆಯ ಮೂಲೆಯ ಫೋಟೋ ತೆಗೆದು ಆಳೆತ್ತರ ಹಿಗ್ಗಿಸಿದ ಬಟ್ಟೆಯ ಪರದೆ ತೂಗುತ್ತಿತ್ತು. ಕಡಲೆ ಕಾಳು ಈಗ ಲಾರಿಯ ಚಕ್ರದಷ್ಟಾಗಿತ್ತು. ಮೂವರು ತೀರ್ಪುಗಾರರಲ್ಲಿ ನಡುವೆ ಕೂತಿದ್ದವರು ಬಿಳಿಕೂದಲಿನ ಗಿಡ್ಡ ಹೆಂಗಸು. ಅವರು ಬಂದಾಗಿನಿಂದ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

“ಬೀದೀಲಿ ಬರೀ ಬಿಳಿ ಹಾಳೆ ನೋಡ್ದೆ,” ಎಂದರು. “ಲಾಂಛನ ಎಲ್ಲಿ?”

ಅಧಿಕಾರಿಗಳು ಎದ್ದು, “ಅಮ್ಮ, ವೃತ್ತ ಅಂದ್ರೆ—” ಎಂದು ಶುರು ಮಾಡಿದರು.

“ನೀವಲ್ಲ. ಮಾಡಿದವರು ಹೇಳಲಿ.”

ಲೇಬಲ್ಲಣ್ಣ ಎದ್ದ. ಎರಡು ತಿಂಗಳ ಹೆದರಿಕೆ ಹೊಟ್ಟೆಯಿಂದ ಗಂಟಲಿಗೆ ಏರಿ, ಅಲ್ಲಿ ಜಾಗ ಸಾಲದೆ ಬಾಯಿಂದ ಹೊರಬಿತ್ತು.

“ಅದನ್ನ ಕತ್ತರಿಸಿಬಿಟ್ಟಿದೀವಿ ಅಮ್ಮ. ಅದು ಇರೋದೇ ಕತ್ತರಿಸೋಕೆ. ಅದು ಲಾಂಛನ ಅಲ್ಲ, ಅಂಚಿನ ಗುರುತು. ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರಲಿ ಅಂತ ಮೂಲೇಲಿ ಹಾಕ್ತೀವಿ. ಕೆಲಸ ಆದ್ಮೇಲೆ ಬುಟ್ಟಿಗೆ. ಅದನ್ನ ಯಾರೂ ನೋಡಬಾರದು. ಆದ್ರೆ ಅದಿಲ್ದೆ ಹೋದ್ರೆ ತುಟಿ ಕೆನ್ನೆಗೆ ಹೋಗತ್ತೆ. ನಾನು ತಜ್ಞ ಅಲ್ಲ. ಲೇಬಲ್ ಜೋಡಿಸೋನು. ತಪ್ಪಾಯ್ತು.”

ಯಜಮಾನರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು.

ಆಮೇಲೆ ಮೈಕಿನವರು ಬಿಕ್ಕಿದರು. “ಯಾರ ಕಣ್ಣಿಗೂ ಬೀಳದೆ ಎಲ್ಲರನ್ನೂ ಸೇರಿಸಿ, ಕೊನೆಗೆ ತಾನೇ ಇಲ್ಲವಾಗೋದು! ಆಹಾ!” ಹಿಂದಿನ ಸಾಲಿನಿಂದ ಚಪ್ಪಾಳೆ ಹುಟ್ಟಿ ಛಾವಣಿಗೆ ಬಡಿಯಿತು. ಅಧಿಕಾರಿಗಳು ಎದ್ದು ನಿಂತು, “ಮೂರು ಸಾವಿರ ಹಾಳೆಯಿಂದಲೂ ಬೇಕಂತಲೇ ತೆಗೆಸಿದಾರೆ! ನನಗೂ ಹೇಳ್ಲಿಲ್ಲ ನೋಡಿ, ಎಂಥ ವಿನಯ!” ಎಂದು ಕೂಗಿದರು. ಲೇಬಲ್ಲಣ್ಣ “ಅಲ್ಲ, ಅಲ್ಲ” ಎಂದು ಕೈಯಾಡಿಸಿದಷ್ಟೂ ಚಪ್ಪಾಳೆ ಹೆಚ್ಚಾಯಿತು. ನಿಜ ಹೇಳಿ ಇಷ್ಟು ಹೆದರಿದ ಮನುಷ್ಯ ಇನ್ನೊಬ್ಬನಿರಲಾರ.

ಗದ್ದಲದಲ್ಲಿ ಬಿಳಿಕೂದಲಿನವರು ಮೆಟ್ಟಿಲಿಳಿದು ಅವನ ತೋಳು ಹಿಡಿದು ಪರದೆಯ ಬಳಿಗೆ ಎಳೆದುಕೊಂಡು ಹೋದರು.

“ಹನ್ನೊಂದು ವರ್ಷ ಪ್ರೆಸ್ಸಲ್ಲಿ ಯಂತ್ರಕ್ಕೆ ಹಾಳೆ ಕೊಟ್ಟಿದೀನಪ್ಪ ನಾನು, ಓದಿ ಈ ಕೆಲಸಕ್ಕೆ ಬರೋಕೆ ಮುಂಚೆ. ನೀನು ಹೇಳಿದ್ದೆಲ್ಲ ಅಕ್ಷರಶಃ ನಿಜ.”

ಲೇಬಲ್ಲಣ್ಣ ಕೈಮುಗಿದ. “ಅಮ್ಮ, ನನ್ನ ಕೆಲಸ ಹೋಗತ್ತೆ...”

“ನಿಜ ಹೇಳಿದ್ದಕ್ಕೆ ಯಾಕೆ ಹೋಗತ್ತೆ? ಹೋದ್ರೆ ಇದಕ್ಕೆ ಹೋಗಬೇಕು. ಇಲ್ಲಿ ನೋಡು.” ಅವರು ಹಿಗ್ಗಿಸಿದ ವೃತ್ತದ ಎಡಬದಿಯನ್ನು ಬೆರಳಿನಿಂದ ಗೀಚಿದರು. ಕಪ್ಪು ಗೆರೆಯ ಪಕ್ಕದಲ್ಲಿ ತೆಳ್ಳಗೆ ಕೆಂಪು ಇಣುಕುತ್ತಿತ್ತು. “ಕೆಂಪು ಅರ್ಧ ಕೂದಲೆಳೆ ಎಡಕ್ಕೆ ಸರಿದಿದೆ. ಗುರುತು ಹಾಕಿ ಅದನ್ನ ನೋಡದೇ ಇದ್ರೆ ಹೇಗೆ? ಔಷಧಿ ಲೇಬಲ್ಲೂ ಇದೇ ಯಂತ್ರದಲ್ಲಾ?”

ಹಿಂದಿನಿಂದ ಅಧಿಕಾರಿಗಳು ಇಣುಕಿದರು. “ಆ ಕೆಂಪಾ ಅಮ್ಮ? ಅದು ಉದಯ! ನಮ್ಮ ಪ್ರಾಂತ್ಯದ ಉದಯ!”

ಬಿಳಿಕೂದಲಿನವರು ಅವರನ್ನೊಮ್ಮೆ, ಲೇಬಲ್ಲಣ್ಣನನ್ನೊಮ್ಮೆ ನೋಡಿ ಹೊರಟರು.

ಯಜಮಾನರು ಏದುಸಿರು ಬಿಡುತ್ತ ಬಂದರು. “ಏನಂದ್ರು? ಮುಗೀತಾ ನಮ್ಮ ಕತೆ?”

“ಕೆಂಪು ಸರಿದಿದೆಯಂತೆ ಸಾರ್. ಅರ್ಧ ಕೂದಲೆಳೆ.”

ಯಜಮಾನರ ಮುಖದಿಂದ ಬಣ್ಣವೆಲ್ಲ ಇಳಿಯಿತು. ಔಷಧಿಯ ಅಳತೆಯ ಸಾಲು ಅಚ್ಚಾಗುತ್ತಿದ್ದದ್ದು ಕೆಂಪಿನಲ್ಲಿ. ಇಬ್ಬರೂ ಮುದ್ರಣಾಲಯದ ಕಡೆ ಓಡಿದರು.

ಮೂರು ದಿನ ಯಂತ್ರದ ಕೆಳಗೆ ಲೇಬಲ್ಲಣ್ಣ ಮಲಗಿ ತಿರುಪು ಬಿಗಿದ, ಯಜಮಾನರು ಮಂಡಿಯೂರಿ ಟಾರ್ಚು ಹಿಡಿದರು. ಹೊರಗೆ ಹೋಗಿದ್ದ ಲೇಬಲ್‌ಗಳನ್ನೆಲ್ಲ ತರಿಸಿ ಒಂದೊಂದನ್ನೂ ಮಸೂರದ ಕೆಳಗಿಟ್ಟರು. ಪುಣ್ಯಕ್ಕೆ ಅಂಕಿಗಳು ಓದುವಂತಿದ್ದವು. ಮೂರನೆಯ ದಿನ ಬೆಳಿಗ್ಗೆ ತೆಗೆದ ಹಾಳೆಯ ಮೂಲೆಯಲ್ಲಿ ನಾಲ್ಕು ಬಣ್ಣ ಒಂದರೊಳಗೊಂದು ಅಡಗಿ ಬರೀ ಕಪ್ಪು ಕಂಡಿತು. ಲೇಬಲ್ಲಣ್ಣ ಆ ಕಪ್ಪನ್ನು ಕಣ್ತುಂಬ ನೋಡಿದ.

ಹೊಸ ಮಾದರಿಯೊಂದನ್ನು ಕಚೇರಿಗೆ ಕಳಿಸಿದ ಮೇಲೆ, ಮಧ್ಯಾಹ್ನ ಫೋನು ಬಡಿದುಕೊಂಡಿತು. ಅಧಿಕಾರಿಗಳು.

“ಗೆದ್ವಿ! ತಜ್ಞರೇ, ಗೆದ್ವಿ! ಇನ್ನೊಂದು ಹತ್ತು ಸಾವಿರ ಹಾಕಿ. ಆದ್ರೆ ನೀವು ಬೆಳಿಗ್ಗೆ ಕಳಿಸಿದ ಹೊಸ ಮಾದರೀಲಿ ಉದಯ ಎಲ್ಲಿ? ಕೆಂಪೇ ಇಲ್ವಲ್ಲ? ಮೊದಲಿನ ಹಾಗೇ ಸರಿಸಿ ಹಾಕಿ. ಇದು ಸರ್ಕಾರದ ಆದೇಶ ಅಂತ ತಿಳ್ಕೊಳ್ಳಿ.”

ಯಜಮಾನರು ಟಾರ್ಚು ಹಿಡಿದುಕೊಂಡೇ, ‘ಹೂಂ ಅನ್ನು, ಹೂಂ ಅನ್ನು’ ಎಂದು ತಲೆಯಾಡಿಸಿದರು. ಲೇಬಲ್ಲಣ್ಣ ಮಸಿ ಮೆತ್ತಿದ ಕೈಯಲ್ಲಿ ಫೋನು ಹಿಡಿದಿದ್ದ. ತಲೆ ಅಭ್ಯಾಸಬಲದಿಂದ ಮೇಲೆ ಕೆಳಗೆ ಆಡಲು ಹೊರಟಿತ್ತು ಕೂಡ.

“ಆಗಲ್ಲ ಸರ್,” ಎಂದ.

“ಏನಂದ್ರಿ?”

“ಸರಿಯಾಗಿ ಕೂತಿರೋ ಬಣ್ಣಾನ ಸರಿಸೋಕೆ ನನ್ನ ಕೈಲಿ ಆಗಲ್ಲ.” ಫೋನು ಇಟ್ಟ.

ಕಾಗದದ ಕಟ್ಟಿನ ಮೇಲೆ ಕುಸಿದು ಕೂತ. ಯಜಮಾನರು ಬೈಯಲು ಬಾಯಿ ತೆರೆದರು. ಅವರ ಕಣ್ಣು ಮಸೂರದ ಕೆಳಗಿನ ಕಪ್ಪು ಗುರುತಿನ ಮೇಲೆ ಬಿತ್ತು. ತೆರೆದ ಬಾಯಿ ಮುಚ್ಚಿ ಅವನ ಪಕ್ಕದಲ್ಲೇ ಕೂತರು.

“ನಿನ್ನೊಬ್ಬನ ಕೆಲಸ ಹೋಗ್ತಿತ್ತು. ಈಗ ಇಬ್ಬರದ್ದೂ ಹೋಯ್ತು,” ಎಂದರು.

ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಇಬ್ಬರೂ ಅದನ್ನೇ ನೋಡುತ್ತ ಮೈ ಮುದುರಿಕೊಂಡು ಕೂತರು. ಹತ್ತು ಸಲ ಬಡಿದುಕೊಂಡ ಮೇಲೆ ಒಳಗಿನಿಂದ ಕತ್ತರಿ ಮಾಮ ಗೊಣಗುತ್ತ ಬಂದು ಎತ್ತಿದರು.

“ಯಂತ್ರ ನಡೀತಿದೆ, ಏನೂ ಕೇಳಿಸಲ್ಲ. ಆಮೇಲೆ ಮಾಡಿ,” ಎಂದು ಇಟ್ಟು, ಇಬ್ಬರ ಕಡೆ ತಿರುಗಿದರು. “ಕೂತಿದೀರಲ್ಲ, ಹಚ್ಚಿ ಯಂತ್ರ. ಇಲ್ಲಾಂದ್ರೆ ನಾನು ಸುಳ್ಳು ಹೇಳ್ದ ಹಾಗಾಗತ್ತೆ.”